ತೂಕದ ಲೆಕ್ಕ, ಊಟದ ಹೊತ್ತು

ರಾತ್ರಿ ಏಳರ ನಂತರ ಏನೂ ತಿನ್ನಬೇಡಿ ಎನ್ನುವವರು ಒಬ್ಬರು, ಯಾವಾಗ ತಿಂದರೂ ಕ್ಯಾಲೊರಿ ಕ್ಯಾಲೊರಿಯೇ ಎನ್ನುವವರು ಇನ್ನೊಬ್ಬರು. ಇವರಿಬ್ಬರ ಮಾತಿನ ನಡುವೆ ಸಿಕ್ಕಿಕೊಂಡವರು ಬೆಳಗಿನ ತಿಂಡಿ ಬಿಟ್ಟು, ರಾತ್ರಿ ಒಂಬತ್ತೂವರೆಗೆ ಮನೆಮಂದಿಯೊಂದಿಗೆ ಊಟಕ್ಕೆ ಕುಳಿತು, ಎರಡನೆಯ ಸಲ ಅನ್ನ ಬಡಿಸಿಕೊಳ್ಳಲು ಅಳುಕುತ್ತಾರೆ.

ಲೆಕ್ಕದ ಕಥೆ ಹಳೆಯದು. 1890ರ ದಶಕದಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ಮನುಷ್ಯರನ್ನೇ ಪುಟ್ಟ ಕೋಣೆಯೊಂದರಲ್ಲಿ ದಿನಗಟ್ಟಲೆ ಇರಿಸಿ, ಒಳಗೆ ಹೋದ ಆಹಾರವನ್ನೂ ಮೈಯಿಂದ ಹೊರಬಿದ್ದ ಶಾಖವನ್ನೂ ಅಳೆದರು. ಪಿಷ್ಟ ಮತ್ತು ಪ್ರೋಟೀನಿನ ಪ್ರತಿ ಗ್ರಾಮಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂಬ ಇಂದಿನ ಅಂಕಿಗಳು ಅವರ ಕೆಲಸದಿಂದ ಬಂದವು. ಒಂದು ಪೌಂಡ್ ತೂಕ ಇಳಿಯಲು 3,500 ಕ್ಯಾಲೊರಿ ಕಡಿಮೆಯಾಗಬೇಕು ಎಂಬ 1958ರ ಸೂತ್ರ ಎಲ್ಲರ ಬಾಯಲ್ಲಿ ನಿಂತಿತು, ಆದರೆ ದೇಹ ಇಳಿದಂತೆ ಅದರ ಖರ್ಚೂ ಇಳಿಯುತ್ತದೆ ಎಂಬುದು ಆ ಗುಣಾಕಾರದಲ್ಲಿ ಇರಲಿಲ್ಲ.

ಗಡಿಯಾರ ಈ ಚರ್ಚೆಯ ನಡುವಿಗೆ ಬಂದದ್ದು 2012ರಲ್ಲಿ. ಅಮೆರಿಕದ ಸಾಲ್ಕ್ ಸಂಶೋಧನಾ ಸಂಸ್ಥೆಯ ಸಚ್ಚಿದಾನಂದ ಪಾಂಡಾ ಅವರ ತಂಡ ಕೊಬ್ಬು ತುಂಬಿದ ಒಂದೇ ಆಹಾರವನ್ನು ಎರಡು ಗುಂಪಿನ ಇಲಿಗಳಿಗೆ ಕೊಟ್ಟಿತು. ಎರಡೂ ಗುಂಪುಗಳು ತಿಂದ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ದಿನಕ್ಕೆ ಎಂಟು ತಾಸಿನ ಅವಧಿಯೊಳಗೆ ಮಾತ್ರ ತಿಂದ ಇಲಿಗಳು ದಿನವಿಡೀ ಮೆದ್ದವುಗಳಷ್ಟು ದಪ್ಪಗಾಗಲಿಲ್ಲ. ಎರಡು-ಮೂರು ವರ್ಷ ಬದುಕುವ, ರಾತ್ರಿ ಎಚ್ಚರವಿರುವ ಪ್ರಾಣಿಯ ಈ ಫಲಿತಾಂಶ ಮನುಷ್ಯರ ದಿನಚರಿಗೆ ಬಹಳ ಬೇಗ ದಾಟಿತು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಜೈನರ ರೂಢಿಯನ್ನೂ ಕೆಲವರು ಇದಕ್ಕೆ ಜೋಡಿಸಿದರು. ಆ ನೇಮದ ಮೂಲ ಅಹಿಂಸೆಯೇ ಹೊರತು ಮೈತೂಕವಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳು ಇಷ್ಟು ಉತ್ಸಾಹಕ್ಕೆ ಆಸ್ಪದ ಕೊಡಲಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿ ಒಂದು ವರ್ಷ ಕ್ಯಾಲೊರಿ ಕಡಿಮೆ ಮಾಡಿದರು, ತಿಂದದ್ದರ ಫೋಟೊ ತೆಗೆದು ಹೊತ್ತನ್ನೂ ಬರೆದಿಟ್ಟರು. ಅವರಲ್ಲಿ ಅರ್ಧದಷ್ಟು ಜನರು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಣ್ಣಬೇಕಿತ್ತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರು ಸರಾಸರಿ 8 ಕಿಲೊ, ಉಳಿದವರು 6.3 ಕಿಲೊ ಇಳಿದಿದ್ದರು. ಸಂಖ್ಯಾಶಾಸ್ತ್ರದ ಕಣ್ಣಲ್ಲಿ ಅದು ಖಚಿತ ವ್ಯತ್ಯಾಸವಲ್ಲ. ಅದೇ ವರ್ಷ ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಬಂದ ವರದಿಯಲ್ಲಿ ಬೆಳಗಿನ ಊಟ ದೊಡ್ಡದಾಗಿದ್ದರೂ ರಾತ್ರಿಯದು ದೊಡ್ಡದಾಗಿದ್ದರೂ ತೂಕ ಇಳಿದದ್ದು ಒಂದೇ ಸಮ. ಆದರೆ ಬೆಳಿಗ್ಗೆ ಹೆಚ್ಚು ಉಂಡಾಗ ಹಸಿವು ಕಡಿಮೆ ಕಾಡಿತ್ತು. ಹೊತ್ತಿನ ನಿಜವಾದ ಉಪಕಾರ ಇಲ್ಲಿಯೇ ಇದ್ದೀತು: ಲೆಕ್ಕವನ್ನು ಬದಲಿಸುವುದಿಲ್ಲ, ಲೆಕ್ಕಕ್ಕೆ ಅಂಟಿಕೊಂಡಿರುವುದನ್ನು ಸುಲಭವಾಗಿಸುತ್ತದೆ.

ಇಳಿದ ಕಿಲೊ ಕೊಬ್ಬಿನದೋ ಸ್ನಾಯುವಿನದೋ ಎಂಬ ಪ್ರಶ್ನೆಗೆ ಈ ಗದ್ದಲದಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ 2020ರ ಪರೀಕ್ಷೆಯೊಂದರಲ್ಲಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮಾತ್ರ ತಿಂದವರ ದೇಹವನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಇಳಿದ ತೂಕದಲ್ಲಿ ಹೆಚ್ಚಿನ ಪಾಲು ಕೊಬ್ಬಿನದಾಗಿರಲಿಲ್ಲ. ಎಷ್ಟು ಪ್ರೋಟೀನ್ ತಿನ್ನಬೇಕು, ಯಾವ ವ್ಯಾಯಾಮ ಮಾಡಬೇಕು ಎಂದು ಅವರಿಗೆ ಹೇಳಿರಲಿಲ್ಲ.

ನಮಗೆ ಇದು ದೂರದ ಸಂಗತಿಯಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಕೂಡ 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2.