ನಾಯಿಗೆ ‘ಹುಳುಕು ಹಲ್ಲು’ ಅನ್ನುವ ಮುಂಚೆ

ಹುಬ್ಬಳ್ಳಿಯ ಪೆಟ್ ಅಂಗಡಿಯೊಂದರ ಬಾಗಿಲಿಗೆ ಚೀಟಿ ಅಂಟಿಸಿದ್ದರು: ‘ನಾಯಿ, ಬೆಕ್ಕಿನ ಹುಳುಕು ಹಲ್ಲು ಕ್ಲೀನ್ ಮಾಡಿಕೊಡಲಾಗುವುದು. ಅರಿವಳಿಕೆ ಬೇಕಿಲ್ಲ.’ ಎರಡು ಸಾಲು, ಎರಡೂ ತಪ್ಪು. ಅರಿವಳಿಕೆ ವಿಷಯ ಆಮೇಲೆ. ಮೊದಲು ಈ ‘ಹುಳುಕು’.

ಹುಳುಕು ಹಲ್ಲು ಅಂದರೆ ಕೊಳೆತು ತೂತು ಬಿದ್ದ ಹಲ್ಲು. ಅಷ್ಟೇ. ಹಳದಿಗಟ್ಟಿದ ಹಲ್ಲಿಗೆ, ನಾರುವ ಬಾಯಿಗೆ, ರಕ್ತ ಬರುವ ವಸಡಿಗೆ ಈ ಹೆಸರು ಹೊಂದುವುದಿಲ್ಲ. ಆದರೆ ನಮ್ಮ ಕಡೆ ನಾಯಿ ಬಾಯಲ್ಲಿ ಏನೇ ಕಂಡರೂ ‘ಹಲ್ಲಾಗ ಹುಳಾ ಆಗ್ಯಾವ್ರಿ’ ಅಂತಲೇ ಮಾತು ಶುರುವಾಗುತ್ತದೆ.

ಪದದ ಒಳಗೇ ಹುಳ ಕೂತಿದೆ, ಅದೇ ತೊಂದರೆ. ಹಳಗನ್ನಡದ ‘ಪುೞು’ವೇ ಇವತ್ತಿನ ಹುಳು, ಹುಳ. ಪ ಹೋಗಿ ಹ ಬಂತು, ೞ ಹೋಗಿ ಳ ಬಂತು. ತಮಿಳರು, ಮಲಯಾಳಿಗಳು ಈಗಲೂ ‘ಪುೞು’ ಅನ್ನುತ್ತಾರೆ. ಹುಳ ಹೊಕ್ಕಿದ್ದು ಹುಳುಕು. ಬದನೆಕಾಯಿ ಹುಳುಕಾದಾಗ ಒಳಗೆ ನಿಜಕ್ಕೂ ಹುಳ ಸಿಗುತ್ತದೆ. ಹಲ್ಲಲ್ಲಿ ಸಿಗುವುದಿಲ್ಲ. ಆದರೂ ಹಲ್ಲು ತಿನ್ನುವ ಹುಳದ ನಂಬಿಕೆ ಬಾಬಿಲೋನಿಯಾದ ಕಾಲದ್ದು. ನಮ್ಮಲ್ಲೂ ನೆಲಗುಳ್ಳದ ಬೀಜದ ಹೊಗೆ ಹಾಕಿ ‘ಹುಳ ತೆಗೆಯುವವರು’ ಇದ್ದರು. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೊಶಾರ್ ಹುಳುಕು ಹಲ್ಲಲ್ಲಿ ಹುಳವೇ ಇಲ್ಲ ಎಂದು 1728ರಲ್ಲೇ ಬರೆದ. ಹುಳ ಹೋಯಿತು, ಹೆಸರು ಉಳಿಯಿತು. ಮನುಷ್ಯರ ಹಲ್ಲಿಗೆ ಆ ಹೆಸರು ಇರಲಿ ಬಿಡಿ, ಯಾರಿಗೂ ನಷ್ಟವಿಲ್ಲ.

ನಾಯಿಗೆ ಅಂಟಿಸಿದಾಗ ನಷ್ಟವಿದೆ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಹುಳುಕು ಆಗುವುದು ಹೀಗೆ. ನಾಯಿಯ ಜೊಲ್ಲು ನಮ್ಮದಕ್ಕಿಂತ ಜಾಸ್ತಿ ಕ್ಷಾರ. 42 ಹಲ್ಲುಗಳಲ್ಲಿ ಹೆಚ್ಚಿನವು ಚೂಪು, ತಿಂದಿದ್ದು ಕೂರುವ ಕುಳಿ ಕಡಿಮೆ. ಹಾಗಾಗಿ ನಾಯಿಗೆ ಹುಳುಕು ಅಪರೂಪ. ಬಂದರೆ ಹಿಂದಿನ ಚಪ್ಪಟೆ ದವಡೆ ಹಲ್ಲುಗಳಿಗೇ ಹೆಚ್ಚು.

ಅದೇ ಕ್ಷಾರದ ಜೊಲ್ಲು ಇನ್ನೊಂದಕ್ಕೆ ಅನುಕೂಲ ಮಾಡಿಕೊಡುತ್ತದೆ. ಹಲ್ಲಿನ ಮೇಲಿನ ಅಂಟು ಪದರಕ್ಕೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ಬೋರ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರು ಕಟ್ಟುತ್ತದಲ್ಲ, ಹಾಗೆ. ಇದು ಕಿಟ್ಟ, ಡಾಕ್ಟರ್ ಬಾಯಲ್ಲಿ ಟಾರ್ಟರ್. ಮೇಲಿನ ದೊಡ್ಡ ದವಡೆ ಹಲ್ಲಿನ ಹೊರಮೈ ನೋಡಿ. ಜೊಲ್ಲಿನ ನಾಳ ತೆರೆಯುವುದು ಅಲ್ಲೇ, ಕಿಟ್ಟವೂ ಅಲ್ಲೇ ಜಾಸ್ತಿ. ಆದರೆ ಅಸಲಿ ರೋಗ ವಸಡಿನ ಕೆಳಗೆ. ಬೇರು ಹಿಡಿದ ಎಲುಬು ಕರಗುತ್ತಾ ಹೋಗಿ, ತೂತೇ ಇಲ್ಲದ ಹಲ್ಲು ಅಲ್ಲಾಡತೊಡಗುತ್ತದೆ. ಪಾಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ಇದು ಬೇಗ.

ಹುಳ ಅಂದುಕೊಂಡವರು ಮಾಡುವುದೇನು? ಜಂತುಹುಳದ ಗುಳಿಗೆ ನುಂಗಿಸುತ್ತಾರೆ! ಆ ಗುಳಿಗೆ ಕರುಳಿನ ಹುಳಕ್ಕೆ, ಬಾಯಿ ವಾಸನೆಗೆ ಅದರಿಂದ ಏನೂ ಆಗುವುದಿಲ್ಲ. ಇನ್ನು ಕೆಲವರು ‘ಪೇಡೆ ಕೊಡೋದು ಬಿಟ್ಟೇವ್ರಿ, ಆದ್ರೂ ಕಡಿಮಿ ಆಗವಲ್ದು’ ಅನ್ನುತ್ತಾರೆ. ಧಾರವಾಡ ಪೇಡೆ ಬಿಟ್ಟಿದ್ದು ಒಳ್ಳೆಯದೇ, ಆದರೆ ಬರೀ ರೊಟ್ಟಿ ತಿನ್ನುವ ನಾಯಿಗೂ ಕಿಟ್ಟ ಕಟ್ಟುತ್ತದೆ. ಕಣ್ಣಿನ ಕೆಳಗೆ ಬಾವು ಬಂದರೆ ‘ಏನೋ ಕಡಿದಿದೆ’ ಅಂತ ಮುಲಾಮು ಹಚ್ಚುತ್ತಾರೆ. ಎಷ್ಟೋ ಸಲ ಅದು ಆ ದೊಡ್ಡ ದವಡೆ ಹಲ್ಲಿನ ಬೇರಿನ ಕೀವು. ಗಟ್ಟಿ ಎಲುಬು ಕಡಿಯುವಾಗ ಹಲ್ಲು ಸೀಳಿರುತ್ತದೆ. ಎಲುಬು ಕಡಿದರೆ ಹಲ್ಲು ಸ್ವಚ್ಛ ಅನ್ನುವವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಈಗ ಅರಿವಳಿಕೆ. ಎಚ್ಚರವಿರುವ ನಾಯಿಯ ವಸಡಿನ ಕೆಳಗೆ ಉಪಕರಣ ಹಾಕಲು ಆಗುವುದಿಲ್ಲ, ಹಲ್ಲಿನ ಎಕ್ಸ್‌ರೇ ತೆಗೆಯಲೂ ಆಗುವುದಿಲ್ಲ. ಅಂಗಡಿಯವರು ಕೆರೆಯುವುದು ಕಣ್ಣಿಗೆ ಕಾಣುವ ಕಿಟ್ಟವನ್ನು ಮಾತ್ರ. ಹಲ್ಲು ಬೆಳ್ಳಗಾಗುತ್ತದೆ, ಎಲುಬು ಕರಗುವುದು ನಿಲ್ಲುವುದಿಲ್ಲ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವ ಸೀಮೆ ನಮ್ಮದು, ಚೀಟಿ ನಂಬುವುದು ಯಾಕೆ? ಮನೆಯಲ್ಲಿ ಮಾಡುವ ಕೆಲಸ ದಿನಾ ಬ್ರಶ್, ಅದೂ ನಾಯಿಯ ಪೇಸ್ಟಲ್ಲಿ. ನಮ್ಮದು ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟುಗಳಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಅದಕ್ಕೆ ವಿಷ.

ಬೆಕ್ಕಿನ ಕತೆ ಬೇರೆ. ಅದರ 30 ಹಲ್ಲುಗಳಲ್ಲಿ ಹುಳುಕು ಇಲ್ಲವೆನ್ನುವಷ್ಟು ಅಪರೂಪ. ವಸಡಿನ ಅಂಚಿನಲ್ಲಿ ಕೆಂಪು ಕುಳಿ ಕಂಡರೆ ಅಲ್ಲಿ ಬೆಕ್ಕಿನ ಮೈಯ ಜೀವಕೋಶಗಳೇ ಹಲ್ಲನ್ನು ಕರಗಿಸುತ್ತಿರುತ್ತವೆ. ಮುಟ್ಟಿದರೆ ದವಡೆ ಅದುರುತ್ತದೆ, ಅಷ್ಟು ನೋವು. ಸಿಮೆಂಟ್ ತುಂಬಿಸಿ ಅಂತ ಕೇಳುವವರಿದ್ದಾರೆ. ತುಂಬಿಸಿದರೂ ಸುತ್ತಲಿನ ಹಲ್ಲು ಕರಗುತ್ತಲೇ ಇರುತ್ತದೆ. ಎಕ್ಸ್‌ರೇ ನೋಡಿ ಹಲ್ಲು ಕೀಳುವುದೇ ಅದಕ್ಕೆ ಚಿಕಿತ್ಸೆ.