ಹಿಟ್ಲರನ ತಟ್ಟೆಗೆ ಆಮೇಲೆ ಅಂಟಿಸಿದ ಆಂಟಿಗ್ರಾವಿಟಿ

ಪೋಲೆಂಡಿನ ನೈಋತ್ಯ ಮೂಲೆಯಲ್ಲಿ ಲುಡ್ವಿಕೊವಿಟ್ಸೆ ಅಂತ ಒಂದು ಊರಿದೆ. ಅಲ್ಲೊಂದು ಕಾಂಕ್ರೀಟ್ ಕಟ್ಟಡ ನಿಂತಿದೆ. ಸುತ್ತಲೂ ಕಂಬ, ಮೇಲೊಂದು ದಪ್ಪನೆಯ ಬಳೆ, ಚಾವಣಿ ಇಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ನಾಜಿಗಳು ಗುರುತ್ವಾಕರ್ಷಣೆಯನ್ನೇ ಸೋಲಿಸುವ ಯಂತ್ರವೊಂದನ್ನು ಇದರೊಳಗೆ ಸರಪಳಿ ಬಿಗಿದು ಹಾರಿಸಿ ನೋಡಿದರಂತೆ. ಯಂತ್ರದ ಹೆಸರು 'ಡೀ ಗ್ಲಾಕೆ', ಅಂದರೆ ಗಂಟೆ. ಆದರೆ ಅಲ್ಲೇ ಪಕ್ಕದಲ್ಲಿ ಕಲ್ಲಿದ್ದಲು ಗಣಿ ಇತ್ತು, ವಿದ್ಯುತ್ ಸ್ಥಾವರವೂ ಇತ್ತು. ವಿದ್ಯುತ್ ಸ್ಥಾವರ ಇದ್ದ ಕಡೆ ಬಿಸಿನೀರು ಆರಿಸುವ ಕೂಲಿಂಗ್ ಟವರ್ ಇರಲೇಬೇಕಲ್ವಾ? ಈ ಕಂಬಗಳು ಅಂಥದೇ ಒಂದು ಟವರಿನ ತಳ.

ನಾಜಿಗಳು ಹಾರುವ ತಟ್ಟೆ ಮಾಡಿದ್ದರು ಎಂಬ ದೊಡ್ಡ ಕಥೆಯ ಒಂದು ತುಂಡು ಈ ಗಂಟೆ. ಆ ಕಥೆ ಹುಟ್ಟಿದ್ದು ಇಲ್ಲಲ್ಲ, ಯುದ್ಧದ ಕಾಲದಲ್ಲೂ ಅಲ್ಲ. 1947ರ ಜೂನ್ 24ರಂದು ಅಮೆರಿಕದ ಕೆನ್ನೆತ್ ಅರ್ನಾಲ್ಡ್ ಎಂಬ ಪೈಲಟ್, ರೇನಿಯರ್ ಬೆಟ್ಟದ ಹತ್ತಿರ ಒಂಬತ್ತು ವಸ್ತುಗಳು ಹಾರಿದ್ದನ್ನು ಕಂಡೆ ಎಂದ. ನೀರಿನ ಮೇಲೆ ತಟ್ಟೆ ಬೀಸಿದರೆ ಹೇಗೆ ಪುಟಿಯುತ್ತದೋ ಹಾಗೆ ಹೋದವು ಅಂದ. ಅವನು ಹೇಳಿದ್ದು ಹಾರಿದ ರೀತಿಯನ್ನು. ಪತ್ರಿಕೆಗಳು ಅದನ್ನೇ ಆಕಾರ ಮಾಡಿ 'ಹಾರುವ ತಟ್ಟೆ' ಎಂದು ಬರೆದವು. ತಟ್ಟೆ ಬಂತು, ಇನ್ನು ಮಾಡಿದವರು ಯಾರು ಅಂತ ಹುಡುಕಾಟ ಶುರುವಾಯಿತು.

1950ರ ಮಾರ್ಚ್‌ನಲ್ಲಿ ಇಬ್ಬರು ಮುಂದೆ ಬಂದರು. ಒಬ್ಬ ಇಟಲಿಯ ಜೂಸೆಪ್ಪೆ ಬೆಲ್ಲುಝ್ಝೊ. ಟರ್ಬೈನ್ ತಜ್ಞ, ಮುಸೊಲಿನಿ ಸರ್ಕಾರದಲ್ಲಿ ಮಂತ್ರಿಯಾಗಿದ್ದವನು. ಇಂಥ ತಟ್ಟೆಗಳ ಕೆಲಸ ಇಟಲಿ, ಜರ್ಮನಿಗಳಲ್ಲಿ 1942ರಲ್ಲೇ ನಡೆದಿತ್ತು ಎಂದ. ಇನ್ನೊಬ್ಬ ಜರ್ಮನಿಯ ರುಡಾಲ್ಫ್ ಶ್ರೀವರ್. ತಾನೇ ನಕ್ಷೆ ಬರೆದಿದ್ದೆ, ಅದು ಕಳುವಾಯಿತು ಅಂದ. ಗಮನಿಸಿ, ಇಬ್ಬರ ಬಾಯಲ್ಲೂ ಆಂಟಿಗ್ರಾವಿಟಿ, ಅಂದರೆ ಗುರುತ್ವಾಕರ್ಷಣೆಯನ್ನು ಸೋಲಿಸುವ ಮಾತೇ ಇಲ್ಲ. ಅವರದು ಸುಮ್ನೆ ಜೆಟ್ ಎಂಜಿನ್ನಿನ ದುಂಡನೆಯ ವಿಮಾನ.

ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಜರ್ಮನರು ಜೆಟ್ ಫೈಟರ್ ಹಾರಿಸಿದ್ದರು, ವಿ-2 ರಾಕೆಟ್ಟನ್ನು ಲಂಡನ್ ಮೇಲೆ ಬೀಳಿಸಿದ್ದರು. ಬಾಲವೇ ಇಲ್ಲದ ಹಾರ್ಟನ್ ವಿಮಾನ 1945ರ ಆರಂಭದಲ್ಲಿ ಜೆಟ್ ಬಲದಿಂದ ಹಾರಿತ್ತು. ದುಂಡು ರೆಕ್ಕೆಯ ವಿಮಾನವೂ ಒಂದಿತ್ತು. ಅದನ್ನು ಮಾಡಿದವನು ಆರ್ಥರ್ ಝಾಕ್ ಎಂಬ ರೈತ. 1944ರಲ್ಲಿ ಅದು ರನ್‌ವೇ ಮೇಲೆ ಓಡಿತು, ಸ್ವಲ್ಪ ಕುಪ್ಪಳಿಸಿತು, ಅಷ್ಟೇ. ಯುದ್ಧ ಮುಗಿದು ಹದಿನಾಲ್ಕು ವರ್ಷದ ಮೇಲೆ ಕೆನಡಾದ ಆವ್ರೊ ಕಂಪನಿ ಅಮೆರಿಕದ ಸೇನೆಯ ದುಡ್ಡಿನಲ್ಲಿ ನಿಜವಾಗಿಯೂ ಒಂದು ತಟ್ಟೆ ಮಾಡಿತು. ಸುಮಾರು 18 ಅಡಿ ಅಗಲದ ಆ 'ಆವ್ರೊಕಾರ್' ನೆಲದಿಂದ ಮೂರಡಿ ಮೇಲೆದ್ದರೆ ಓಲಾಡುತ್ತಿತ್ತು. 1961ರಲ್ಲಿ ಕೈಬಿಟ್ಟರು.

ಆಂಟಿಗ್ರಾವಿಟಿ ಬಂದಿದ್ದು ಬೇರೆ ದಾರಿಯಿಂದ. ಅಮೆರಿಕದ ಶ್ರೀಮಂತ ರೋಜರ್ ಬ್ಯಾಬ್ಸನ್‌ನ ಅಕ್ಕ ಎಳೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಸತ್ತಿದ್ದಳು. ಅವಳನ್ನು ಕೆಳಗೆಳೆದದ್ದು ಗುರುತ್ವಾಕರ್ಷಣೆ, ಅದೇ ನಮ್ಮ ಮೊದಲ ಶತ್ರು ಎಂದು ಅವನು ನಂಬಿದ್ದ. ಅದನ್ನು ತಡೆಯುವ ದಾರಿ ಹುಡುಕಲು 1948ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದ. ಟೌನ್ಸೆಂಡ್ ಬ್ರೌನ್ ಎಂಬಾತ ಹೆಚ್ಚು ವೋಲ್ಟೇಜ್ ಕೊಟ್ಟು ತಟ್ಟೆಗಳನ್ನು ಚಲಿಸುವಂತೆ ಮಾಡಿ ತೋರಿಸುತ್ತಿದ್ದ. ಅವನ್ನು ತಳ್ಳುತ್ತಿದ್ದದ್ದು ವಿದ್ಯುತ್ತಿನಿಂದ ಹುಟ್ಟಿದ ಗಾಳಿ. 1950ರ ದಶಕದಲ್ಲಿ ಅಮೆರಿಕದ ವಿಮಾನ ಕಂಪನಿಗಳಲ್ಲೂ ಈ ಹುಚ್ಚು ಕೆಲ ಕಾಲ ಇತ್ತು. ಇದೇ ಮಾತು ಮುಂದೆ ನಾಜಿ ತಟ್ಟೆಗೆ ಅಂಟಿಕೊಂಡಿತು. 1970ರ ದಶಕದಲ್ಲಿ ಅದನ್ನು ಜೋರಾಗಿ ಮಾರಿದವರಲ್ಲಿ ಕೆನಡಾದಲ್ಲಿದ್ದ ಅರ್ನ್‌ಸ್ಟ್ ಝುಂಡೆಲ್ ಒಬ್ಬ. ಯಹೂದಿಗಳ ನರಮೇಧ ನಡೆದೇ ಇಲ್ಲ ಎನ್ನುತ್ತಿದ್ದವನು. ಅವನಿಗೆ ತಟ್ಟೆ ಬರೀ ಗಾಳ.

'ಗಂಟೆ' ಬಂದಿದ್ದಂತೂ 2000ದಲ್ಲಿ, ಪೋಲೆಂಡಿನ ಲೇಖಕ ಇಗೊರ್ ವಿಟ್ಕೊವ್‌ಸ್ಕಿಯ ಪುಸ್ತಕದಿಂದ. ಮರುವರ್ಷ ಬ್ರಿಟಿಷ್ ಪತ್ರಕರ್ತ ನಿಕ್ ಕುಕ್ ಅದನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದರು. ಆಧಾರ ಏನು? ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ಪಡೆ) ಅಧಿಕಾರಿ ಯಾಕೋಬ್ ಶ್ಪೋರೆನ್‌ಬೆರ್ಗ್‌ನ ವಿಚಾರಣೆಯ ಕಾಗದಗಳಂತೆ. ಲೇಖಕರಿಗೆ ಅವನ್ನು ಯಾರೋ ತೋರಿಸಿದರಂತೆ, ನೋಡಿ ಬರೆದುಕೊಳ್ಳಲು ಮಾತ್ರ ಬಿಟ್ಟರಂತೆ. ಮೂಲ ಕಾಗದ ಇವತ್ತಿಗೂ ಹೊರಬಂದಿಲ್ಲ.

ಇದೇ ಶ್ಪೋರೆನ್‌ಬೆರ್ಗ್ ಬಗ್ಗೆ ಖಚಿತವಾಗಿ ಗೊತ್ತಿರುವುದು ಬೇರೆ. 1943ರ ನವೆಂಬರ್‌ನಲ್ಲಿ, ಅವನು ಲುಬ್ಲಿನ್ ಪ್ರದೇಶದ ಎಸ್‌ಎಸ್ ಮುಖ್ಯಸ್ಥನಾಗಿದ್ದಾಗ, ಎರಡೇ ದಿನಗಳಲ್ಲಿ ಸುಮಾರು 42,000 ಯಹೂದಿಗಳನ್ನು ಗುಂಡಿಟ್ಟು ಕೊಂದರು. 1952ರಲ್ಲಿ ಪೋಲೆಂಡ್ ಅವನನ್ನು ಗಲ್ಲಿಗೇರಿಸಿತು. ಅವನ ಹೆಸರು ಹುಡುಕಿದರೆ ಗಂಟೆಯ ಕಥೆ ಅಡ್ಡ ಬರುವುದು ನನಗಂತೂ ಹೇಸಿಗೆ ಹುಟ್ಟಿಸುತ್ತದೆ.

ಗಂಟೆಯೊಳಗೆ ಪಾದರಸದಂಥ ದ್ರವ ಗಿರಗಿರ ಸುತ್ತುತ್ತಿತ್ತು ಎಂದು ಕಥೆ ಹೇಳುತ್ತದೆ. ಪಾದರಸ ಅಂದ ಕೂಡಲೇ ಕೆಲವರು ಪುರಾತನ ವಿಮಾನಗಳ ಬಗ್ಗೆ ಎನ್ನಲಾಗುವ ನಮ್ಮ 'ವೈಮಾನಿಕ ಶಾಸ್ತ್ರ' ಎಂಬ ಪುಸ್ತಕಕ್ಕೆ ಜಿಗಿದರು. ಜರ್ಮನರು ಭಾರತದ ಪುರಾತನ ವಿಮಾನದ ಗುಟ್ಟು ಕದ್ದರು ಅಂತ. ಆ ಶಾಸ್ತ್ರದ ಊರು ನಮಗೆ ಹತ್ತಿರವೇ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹೇಳಿ ಬರೆಸಿದ್ದು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಅದನ್ನು ಓದಿದರು. 1904ಕ್ಕಿಂತ ಹಿಂದಿನದಲ್ಲ ಎಂದು ಕಾಲ ಕಟ್ಟಿದರು. ಅದರಲ್ಲಿ ಹೇಳಿದ ಎಂಜಿನ್ ಕೂರಿಸಿದರೆ ವಿಮಾನ ಹಾರಲು ನೆರವಾಗುವ ಬದಲು ಅಡ್ಡಿಯೇ ಆಗುತ್ತದೆ ಎಂದು ಬರೆದರು.