ನಿಂತ ನೆಲ ಕೇಳುವ ಲೆನ್ಸ್

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಸಂಜೆ ನೀರ್ಚಾಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಹೆಗಲಲ್ಲಿ ಹೊಸ ಕ್ಯಾಮೆರಾ ಇತ್ತು, ಅದರೊಂದಿಗೆ ಬಂದ 18–55 ಮಿ.ಮೀ. ಕಿಟ್ ಲೆನ್ಸ್ ಇತ್ತು. "ಮಾಷ್ಟ್ರೇ, ಗುಡ್ಡ, ಕಡಲು, ತೋಟ ಇಂಥದ್ದರ ಫೋಟೋ ತೆಗೆಯಲಿಕ್ಕೆ ಇನ್ನೊಂದು ಲೆನ್ಸ್ ತೆಗೆದುಕೊಳ್ಳಬೇಕು ಅಂತ ಇದ್ದೇನೆ. ಕೇಳಿದವರೆಲ್ಲ ವೈಡ್ ಲೆನ್ಸೇ ಆಗಬೇಕು ಎನ್ನುತ್ತಾರೆ. ನೀವು ಏನು ಹೇಳ್ತೀರಿ?" ಎಂದು ಕೇಳಿದ. ಬಸ್ಸು ಬರುವಷ್ಟರಲ್ಲಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪ್ರೌಢಶಾಲೆಯ ಬೆಳಕಿನ ಪಾಠವೆಲ್ಲ ಅಡಗಿರುವ ಆ ಪ್ರಶ್ನೆಗೆ ಸಾವಧಾನದ ಉತ್ತರ ಸಲ್ಲಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವುದು ಅದರ ಸಂಗಮ ದೂರ. ದೂರದಿಂದ ಬರುವ ಸಮಾಂತರ ಕಿರಣಗಳನ್ನು ಲೆನ್ಸ್ ಎಷ್ಟು ದೂರದಲ್ಲಿ ಒಂದೆಡೆ ಕೂಡಿಸುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟವರೆಲ್ಲ ಈ ದೂರವನ್ನು ಕೈಯಾರೆ ಕಂಡುಕೊಂಡವರೇ. ಸಂಗಮ ದೂರ ಹೆಚ್ಚಿದಷ್ಟೂ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕವಾದ ಸೆನ್ಸರಿನ ಮೇಲೆ ಬೀಳುವ ಬಿಂಬ ದೊಡ್ಡದಾಗುತ್ತದೆ, ಆದರೆ ಸೆನ್ಸರಿನ ಅಳತೆ ಬದಲಾಗುವುದಿಲ್ಲವಾದ್ದರಿಂದ ಅದರಲ್ಲಿ ಹಿಡಿಸುವ ನೋಟ ಕಿರಿದಾಗುತ್ತದೆ. ಅವನ ಕ್ಯಾಮೆರಾದಲ್ಲಿರುವುದು ಸುಮಾರು 23.5 ಮಿ.ಮೀ. ಅಗಲದ, ಎಪಿಎಸ್-ಸಿ ಎಂಬ ಮಾದರಿಯ ಸೆನ್ಸರ್. ಅದರಲ್ಲಿ 18 ಮಿ.ಮೀ. ಲೆನ್ಸ್ ಎಡದಿಂದ ಬಲಕ್ಕೆ ಸುಮಾರು 66 ಡಿಗ್ರಿಗಳಷ್ಟು ನೋಟವನ್ನು ಹಿಡಿಯುತ್ತದೆ, 55 ಮಿ.ಮೀ. ಸುಮಾರು 24 ಡಿಗ್ರಿಗಳನ್ನು, 200 ಮಿ.ಮೀ. ಏಳು ಡಿಗ್ರಿಗಿಂತಲೂ ಕಡಿಮೆಯನ್ನು. 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರಿನಲ್ಲಿ ಇವೇ ನೋಟಗಳಿಗೆ ಸುಮಾರು ಒಂದೂವರೆ ಪಟ್ಟು ಸಂಗಮ ದೂರ ಬೇಕು. ಆದ್ದರಿಂದ ಇನ್ನೊಬ್ಬರ ಸಲಹೆಯನ್ನು ಒಪ್ಪುವ ಮೊದಲು ಅವರ ಕ್ಯಾಮೆರಾದ ಸೆನ್ಸರ್ ಯಾವುದೆಂದು ಕೇಳಿಕೊಳ್ಳಬೇಕು.

ಸಂಗಮ ದೂರ ಹೆಚ್ಚಿರುವ ಟೆಲಿ ಲೆನ್ಸ್ ದೂರದ ಗುಡ್ಡವನ್ನು ಮುಂದಕ್ಕೆ ಎಳೆಯುತ್ತದೆ, ಸಂಗಮ ದೂರ ಕಡಿಮೆಯಿರುವ ವೈಡ್ ಲೆನ್ಸ್ ಅದನ್ನು ಹಿಂದಕ್ಕೆ ತಳ್ಳುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನನ್ನ ಅನುಭವದಲ್ಲಿ, ಲೆನ್ಸ್ ಕೊಳ್ಳುವವರನ್ನು ಇದರಷ್ಟು ದಾರಿ ತಪ್ಪಿಸುವ ಮಾತು ಇನ್ನೊಂದಿಲ್ಲ. ಒಂದು ಹಂಚಿನ ಮನೆ ನಮ್ಮಿಂದ 20 ಮೀಟರ್ ದೂರದಲ್ಲಿದೆ, ಅದರ ಹಿಂದಿನ ಗುಡ್ಡ 2 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ನಾವು ಇನ್ನೂ 20 ಮೀಟರ್ ಹಿಂದಕ್ಕೆ ನಡೆದರೆ ಮನೆಯ ದೂರ ಇಮ್ಮಡಿಯಾಗಿ ಅದು ಅರ್ಧದಷ್ಟು ಕಾಣುತ್ತದೆ. ಗುಡ್ಡದ ದೂರವಾದರೋ ನೂರಕ್ಕೆ ಒಂದು ಪಾಲು ಮಾತ್ರ ಹೆಚ್ಚಿತು, ಅದರ ಗಾತ್ರ ಕಣ್ಣಿಗೆ ಹಾಗೆಯೇ ಉಳಿಯಿತು. ಎಂದರೆ ಮನೆಗೆ ಹೋಲಿಸಿದಾಗ ಗುಡ್ಡ ಆಗಲೇ ಇಮ್ಮಡಿಯಾಗಿದೆ. ಈಗ ಇಮ್ಮಡಿ ಸಂಗಮ ದೂರದ ಲೆನ್ಸ್ ಹಾಕಿ ಮನೆಯನ್ನು ಮೊದಲಿನ ಗಾತ್ರಕ್ಕೆ ತಂದರೆ ಗುಡ್ಡ ಎದ್ದುನಿಂತಂತೆ ಚಿತ್ರ ಬರುತ್ತದೆ, ನಾವು ಲೆನ್ಸನ್ನು ಹೊಗಳುತ್ತೇವೆ. ಆ ಕೆಲಸ ಮಾಡಿದ್ದು ಕಾಲು. ನಿಂತ ಜಾಗ ಬದಲಾಗದಿದ್ದರೆ 18 ಮಿ.ಮೀ. ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿದಾಗ 55 ಮಿ.ಮೀ. ಚಿತ್ರದ ದೂರ-ಸಮೀಪಗಳ ಅನುಪಾತವೇ ಸಿಗುತ್ತದೆ. ವಿವರ ಮಾತ್ರ ಕಡಿಮೆಯಿರುತ್ತದೆ. ಹಾಗಾಗಿ ಮೊದಲು ಎಲ್ಲಿ ನಿಲ್ಲಬೇಕೆಂದು ತೀರ್ಮಾನವಾಗಬೇಕು. ಅಲ್ಲಿಂದ ಕಾಣುವುದರಲ್ಲಿ ಎಷ್ಟನ್ನು ಚೌಕಟ್ಟಿನೊಳಗೆ ತರಬೇಕು ಎಂಬುದಷ್ಟೇ ಲೆನ್ಸಿನ ಕೆಲಸ.

ನಮ್ಮ ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳಲ್ಲಿ, ಎಂದರೆ ಎತ್ತರದ ಬಯಲುಗಳಲ್ಲಿ, ನಿಂತರೆ ವೈಡ್ ಲೆನ್ಸಿನ ನಿಜವಾದ ಉಪಯೋಗ ತಿಳಿಯುತ್ತದೆ. ಬೇಸಿಗೆಯಲ್ಲಿ ಕಾದ ಕಾವಲಿಯಂತಿರುವ ಈ ಬಯಲು ಮಳೆ ಹಿಡಿದ ಮೇಲೆ ಜವುಗಾಗುತ್ತದೆ; ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ಹೊತ್ತಿಗೆ ನೇರಳೆ-ನೀಲಿ ಬಣ್ಣದ ಯುಟ್ರಿಕ್ಯುಲೇರಿಯ, ಬಿಳಿಯ ಗುಂಡಿ ಹೊಲಿದಂತಹ ಎರಿಯೊಕಾಲನ್ ಅಲ್ಲಿ ಹಾಸಿಕೊಂಡು ಅರಳುತ್ತವೆ. ಪೋಷಕಾಂಶ ಕಡಿಮೆಯಿರುವ ಆ ತೆಳುಮಣ್ಣಿನಲ್ಲಿ ಯುಟ್ರಿಕ್ಯುಲೇರಿಯ ತನ್ನ ಪುಟ್ಟ ಚೀಲಗಳಿಂದ ನೀರಿನ ಸೂಕ್ಷ್ಮಜೀವಿಗಳನ್ನು ಹೀರಿ ಹಿಡಿದು ಜೀರ್ಣಿಸಿಕೊಂಡು ಬದುಕುತ್ತದೆ. ನಿಂತು ತೆಗೆದ ಚಿತ್ರದಲ್ಲಿ ಈ ಹೂಗಳು ಮಸುಕಾದ ಬಣ್ಣದ ಕಲೆಯಾಗಿ ಬಿಡುತ್ತವೆ. ಮೊಣಕಾಲೂರಿ ಒಂದು ಮೊಳದಷ್ಟು ಹತ್ತಿರ ಹೋದರೆ ಬೆರಳುಗಾತ್ರದ ಗಿಡ ಮರದಂತೆ ತಲೆಯೆತ್ತುತ್ತದೆ, ಅದರ ಹಿಂದೆ ಇಡೀ ಪದವು, ಆಚೆಗೆ ಮೋಡ. ಅಷ್ಟು ಹತ್ತಿರ ನಿಂತು ಇಷ್ಟನ್ನೆಲ್ಲ ಒಳಗೆ ತರಲು ಅಗಲ ನೋಟ ಬೇಕು. ಹತ್ತಿರದಲ್ಲಿ ಏನೂ ಇಲ್ಲದೆ ಬರಿಯ ಬಯಲನ್ನು ಅದೇ ಲೆನ್ಸಿನಲ್ಲಿ ತೆಗೆದರೆ ಅರ್ಧ ಖಾಲಿ ನೆಲ, ಅರ್ಧ ಖಾಲಿ ಆಕಾಶ, ನಡುವೆ ದಾರದಂತಹ ಗುಡ್ಡದ ಸಾಲು ಸಿಗುತ್ತದೆ.

ಹೂವೂ ಗುಡ್ಡವೂ ಒಟ್ಟಿಗೆ ಸ್ಪಷ್ಟವಾಗಿರಬೇಕಾದರೆ ಹೈಪರ್‌ಫೋಕಲ್ ದೂರ ಎಂಬ ಲೆಕ್ಕ ನೆರವಾಗುತ್ತದೆ. ಅಷ್ಟು ದೂರಕ್ಕೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಮೂಡುತ್ತದೆ. ಸಂಗಮ ದೂರದ ವರ್ಗವನ್ನು ಅಪರ್ಚರಿನ, ಎಂದರೆ ಬೆಳಕು ಒಳಬರುವ ರಂಧ್ರದ, ಎಫ್ ಸಂಖ್ಯೆ (ಅದು ಹೆಚ್ಚಿದಷ್ಟೂ ರಂಧ್ರ ಕಿರಿದು) ಮತ್ತು ನಾವು ಒಪ್ಪುವ ಮಸುಕಿನ ಅಳತೆಗಳ ಗುಣಲಬ್ಧದಿಂದ ಭಾಗಿಸಿದರೆ ಅದು ಹೆಚ್ಚುಕಡಿಮೆ ಸಿಗುತ್ತದೆ. ಈ ಸೆನ್ಸರಿಗೆ ರೂಢಿಯಲ್ಲಿರುವ 0.02 ಮಿ.ಮೀ. ಮಸುಕನ್ನು ಒಪ್ಪಿದರೆ, ಎಫ್/8ರಲ್ಲಿ 18 ಮಿ.ಮೀ. ಲೆನ್ಸಿನ ಹೈಪರ್‌ಫೋಕಲ್ ದೂರ ಸುಮಾರು 2 ಮೀಟರ್. ಒಂದು ಮೀಟರಿನಿಂದಾಚೆಗೆ ಎಲ್ಲವೂ ಸ್ಪಷ್ಟ. 10 ಮಿ.ಮೀ. ಲೆನ್ಸಾದರೆ ಒಂದಡಿಯಿಂದಲೇ ಸ್ಪಷ್ಟ. 55 ಮಿ.ಮೀ.ಗೆ ಮಾತ್ರ ಅದು ಸುಮಾರು 19 ಮೀಟರಿಗೆ ಏರುತ್ತದೆ. ಗೋಡೆಯಗಲಕ್ಕೆ ಮುದ್ರಿಸುವ ಆಸೆಯಿದ್ದವರು ಮಸುಕಿನ ಮಿತಿಯನ್ನು ಇನ್ನೂ ಬಿಗಿ ಮಾಡಿಕೊಳ್ಳಬೇಕು.

ವೈಡ್ ಲೆನ್ಸಿನ ತೊಡಕನ್ನು ತೋರಿಸಲು ಅಡಿಕೆ ತೋಟಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ನೂಲು ಹಿಡಿದಂತೆ ನೆಟ್ಟಗೆ ಬೆಳೆದ ಮರಗಳ ನಡುವೆ ನಿಂತು ಸೋಗೆಯೂ ಬರಲೆಂದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದೊಡನೆ ಎಲ್ಲ ಮರಗಳೂ ಒಳಮುಖವಾಗಿ ವಾಲಿಕೊಳ್ಳುತ್ತವೆ. ಇದು ಲೆನ್ಸಿನ ದೋಷವಲ್ಲ. ಸೆನ್ಸರ್ ಮರಗಳಿಗೆ ಸಮಾಂತರವಾಗಿ ಉಳಿಯದಿದ್ದರೆ ಮೇಲ್ಭಾಗ ದೂರವಾಗಿ ಕಿರಿದಾಗಲೇಬೇಕು. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಸ್ವಲ್ಪ ಎತ್ತರದ ಬದುವಿನ ಮೇಲೋ ಕಟ್ಟದ ಮೇಲೋ ನಿಂತರೆ ಮರಗಳು ನೆಟ್ಟಗಾಗುತ್ತವೆ. ಆದರೆ ಕಡಲ ದಿಗಂತವನ್ನು ಚೌಕಟ್ಟಿನ ಮೇಲಂಚಿಗೆ ಸರಿಸಿದಾಗ ಅದು ಬಿಲ್ಲಿನಂತೆ ಬಾಗಿದರೆ ಆ ದೋಷ ಲೆನ್ಸಿನದೇ. ಈ ಬಾಗನ್ನು ಈಗಿನ ಹಲವು ಕ್ಯಾಮೆರಾಗಳು ತಾವೇ ಸರಿಪಡಿಸುತ್ತವೆ.

ಇನ್ನು ಬೇಕಲಕ್ಕೆ ಬರೋಣ. ಕೆಳದಿಯ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಆ ಮುರಕಲ್ಲಿನ ಕೋಟೆಯಿಂದ ಸೂರ್ಯಾಸ್ತ ನೋಡಿ ಚಿತ್ರ ತೆಗೆದವರಲ್ಲಿ ಹೆಚ್ಚಿನವರಿಗೆ ಮನೆಗೆ ಬಂದ ಮೇಲೆ ನಿರಾಸೆಯಾಗುತ್ತದೆ. ಕಣ್ಣಿಗೆ ಹರಿವಾಣದಷ್ಟು ಕಂಡ ಸೂರ್ಯ ಚಿತ್ರದಲ್ಲಿ ಸಾಸಿವೆಕಾಳು. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ದಿಗಂತದ ಬಳಿ ಅದು ದೊಡ್ಡದಾಗಿ ತೋರುವುದು ನಮ್ಮ ಮಿದುಳಿನ ಎಣಿಕೆ. ಸೆನ್ಸರಿಗೆ ಆ ಎಣಿಕೆ ಇಲ್ಲ. ಸೆನ್ಸರಿನ ಮೇಲೆ ಸೂರ್ಯಬಿಂಬದ ಅಗಲ ಸಂಗಮ ದೂರದ ಸುಮಾರು 108ನೇ ಒಂದು ಪಾಲು. 18 ಮಿ.ಮೀ. ಲೆನ್ಸಿನಲ್ಲಿ ಅದು 0.17 ಮಿ.ಮೀ., ಚಿತ್ರದ ಅಗಲದ 140ನೇ ಒಂದು ಭಾಗ. 200 ಮಿ.ಮೀ. ಲೆನ್ಸಿನಲ್ಲಿ ಅದು 1.85 ಮಿ.ಮೀ.ಗೆ ಬೆಳೆದು ಅಗಲದ 13ನೇ ಒಂದು ಭಾಗವಾಗುತ್ತದೆ. ಇದಕ್ಕೆ ಕಾಲಿನ ಲೆಕ್ಕವನ್ನೂ ಸೇರಿಸಿ: ಐದೂವರೆ ಅಡಿ ಎತ್ತರದ ಬಲೆಗಾರನೊಬ್ಬ ಮರಳಿನಲ್ಲಿ ನಮ್ಮಿಂದ 180 ಮೀಟರ್ ದೂರ ನಿಂತಿದ್ದರೆ ಅವನು ಸೂರ್ಯಬಿಂಬದಷ್ಟೇ ಎತ್ತರ ಕಾಣುತ್ತಾನೆ. ಅಷ್ಟು ಹಿಂದಕ್ಕೆ ನಡೆದು ಟೆಲಿ ಲೆನ್ಸ್ ಹಾಕಿದವರಿಗೆ, ಕೆಂಪು ಬಿಂಬದೊಳಗೆ ಬಲೆ ಹೆಗಲಿಗೇರಿಸಿದ ಮನುಷ್ಯ ಸಿಗುತ್ತಾನೆ. ಕಡಲ ಕಿನಾರೆಯ ಭೂದೃಶ್ಯಕ್ಕೆ ವೈಡ್ ಲೆನ್ಸೇ ಬೇಕೆಂಬ ಸಲಹೆಯನ್ನು ನಾನು ಒಪ್ಪದಿರುವುದು ಇದರಿಂದಲೇ. ಒಂದು ಎಚ್ಚರ ಮಾತ್ರ ಇರಲಿ: ಸೂರ್ಯ ಇನ್ನೂ ಮೇಲಿರುವಾಗ ಟೆಲಿ ಲೆನ್ಸ್ ಹಾಕಿದ ಎಸ್‌ಎಲ್‌ಆರ್ (ಒಳಗನ್ನಡಿಯ ಮೂಲಕ ಲೆನ್ಸಿನ ನೋಟವನ್ನೇ ಕಣ್ಣಿಗೆ ತಲಪಿಸುವ) ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಅದನ್ನು ನೋಡಬಾರದು, ದೃಷ್ಟಿಗೇ ಅಪಾಯ.

ಟೆಲಿ ಲೆನ್ಸಿಗೂ ಅದರದೇ ಮಿತಿಯಿದೆ. ಪೊಸಡಿಗುಂಪೆ ಗುಡ್ಡದ ನೆತ್ತಿಯಿಂದ ಪೂರ್ವದ ಘಟ್ಟದ ಸಾಲುಗಳತ್ತ ಅದನ್ನು ತಿರುಗಿಸಿದರೆ ನಾವು ಹಲವು ಕಿಲೋಮೀಟರ್ ಗಾಳಿಯ ಮೂಲಕ ನೋಡುತ್ತಿರುತ್ತೇವೆ. ಗಾಳಿಯ ಅಣುಗಳು ಕೆಂಪಿಗಿಂತ ನೀಲಿಯನ್ನು ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುವುದರಿಂದ ಸಾಲಿನಿಂದ ಸಾಲಿಗೆ ಘಟ್ಟ ನೀಲಿಯಾಗಿ ತೆಳುವಾಗುತ್ತದೆ; ಇದು ಚಿತ್ರಕ್ಕೆ ಆಳ ಕೊಡುವ ಚೆಲುವು. ಬೇಸಿಗೆಯ ಧೂಳು, ತೇವದ ಹನಿಗಳು ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಚದುರಿಸಿ ಎಲ್ಲವನ್ನೂ ಬೂದುಬಿಳಿಯಾಗಿಸಿದಾಗ ಯಾವ ಬೆಲೆಯ ಲೆನ್ಸೂ ನೆರವಾಗದು. ಮಳೆ ಗಾಳಿಯನ್ನು ತೊಳೆದುಹೋದ ಬೆಳಗಿಗೆ ಕಾಯಬೇಕು.

ಅಂಗಡಿಯಲ್ಲಿ ಎಫ್/1.4, ಎಫ್/2.8 ಎಂಬ ದೊಡ್ಡ ಅಪರ್ಚರಿನ ಲೆನ್ಸುಗಳಿಗೆ ಹೆಚ್ಚು ಬೆಲೆ. ಭೂದೃಶ್ಯಕ್ಕೆ ಆ ಹಣ ಬಹುಮಟ್ಟಿಗೆ ಅನಗತ್ಯ ಎಂಬುದು ಛಾಯಾಗ್ರಹಣದ ಮೊದಲ ದಿನಗಳಿಂದಲೂ ಗೊತ್ತಿರುವ ಸಂಗತಿ. 1839ರಲ್ಲಿ ಪ್ಯಾರಿಸ್ಸಿನ ಷಾರ್ಲ್ ಷೆವಲಿಯೆ, ಛಾಯಾಗ್ರಹಣದ ಮೊದಲಿಗರಲ್ಲಿ ಒಬ್ಬರಾದ ಡಾಗೇರ್ ಅವರ ಕ್ಯಾಮೆರಾಕ್ಕೆ ಮಾಡಿಕೊಟ್ಟ ಲೆನ್ಸು ಸುಮಾರು ಎಫ್/15ರದು. ಅಷ್ಟು ಚಿಕ್ಕ ರಂಧ್ರದಿಂದಾಗಿ ಕುಳಿತ ಮನುಷ್ಯನ ಚಿತ್ರ ತೆಗೆಯುವುದು ಕಷ್ಟವಾಗಿತ್ತು, ಕದಲದ ಕಟ್ಟಡ-ಬೆಟ್ಟಗಳಿಗೆ ತೊಂದರೆಯಿರಲಿಲ್ಲ. ಮರುವರ್ಷ ಜೋಸೆಫ್ ಪೆಟ್ಸ್ವಾಲ್ ಎಫ್/3.6ರ ಲೆನ್ಸನ್ನು ಲೆಕ್ಕ ಹಾಕಿ ರೂಪಿಸಿದ್ದು ಭಾವಚಿತ್ರಗಳಿಗಾಗಿ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟ ಮೇಲೆ ಗುಡ್ಡ ಎಲ್ಲಿಗೂ ಓಡುವುದಿಲ್ಲ.

ಹಾಗೆಂದು ರಂಧ್ರವನ್ನು ಕೊನೆಯವರೆಗೆ ಕಿರಿದು ಮಾಡಬಾರದು. ಬೆಳಕು ಅಲೆಯಾದ್ದರಿಂದ ಕಿರಿದಾದ ರಂಧ್ರದಲ್ಲಿ ಹಾಯುವಾಗ ಹರಡಿಕೊಳ್ಳುತ್ತದೆ, ಇದೇ ವಿವರ್ತನೆ. ಎಷ್ಟೇ ಒಳ್ಳೆಯ ಲೆನ್ಸಿನಲ್ಲೂ ಒಂದು ಚುಕ್ಕಿ ಚುಕ್ಕಿಯಾಗಿ ಉಳಿಯದೆ ಪುಟ್ಟ ತಟ್ಟೆಯಾಗುತ್ತದೆ ಎಂಬುದನ್ನು 1835ರಲ್ಲಿ ಜಾರ್ಜ್ ಏರಿ ಗಣಿತದಿಂದ ವಿವರಿಸಿದ್ದರು. ಹಸಿರು ಬೆಳಕಿಗೆ ಆ ತಟ್ಟೆಯ ವ್ಯಾಸ ಎಫ್/8ರಲ್ಲಿ ಸುಮಾರು 11 ಮೈಕ್ರೋಮೀಟರ್, ಎಫ್/22ರಲ್ಲಿ ಸುಮಾರು 30. ಅವನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 4 ಮೈಕ್ರೋಮೀಟರ್. ಎಫ್/22ರಲ್ಲಿ ತೆಗೆದ ದೂರದ ತೆಂಗಿನ ಸಾಲು ಎಣ್ಣೆ ಸವರಿದಂತೆ ಮಂಕಾಗುವುದು ಇದರಿಂದ. ಎಫ್/8 ಮತ್ತು ಎಫ್/11ರ ನಡುವೆ ಇರುವುದು ಒಳ್ಳೆಯದು.

ಲೆನ್ಸಿನ ಜೊತೆಗೆ ಒಂದೇ ಒಂದು ವಸ್ತು ಕೊಳ್ಳುವುದಿದ್ದರೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಕೆಂದು ನಾನು ಹೇಳುತ್ತೇನೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ನಿಕೋಲ್ ಪ್ರಿಸಂ ಎಂಬ ಸ್ಫಟಿಕದ ಉಪಕರಣದ ಮೂಲಕ ಕಡಲನ್ನು ನೋಡಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಆಕಾಶದ ಬೆಳಕನ್ನು ತಡೆದರೂ ಕಡಲು ನೀಲಿಯಾಗಿಯೇ ಉಳಿಯುವುದನ್ನು ಕಂಡರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂಬ ಅವರ ವಾದ ಅಲ್ಲಿಂದ ಬೆಳೆಯಿತು. ಪೋಲರೈಸರ್ ಮಾಡುವುದು ಆ ಪ್ರಿಸಂ ಮಾಡಿದ ಕೆಲಸವನ್ನೇ. ಮಳೆ ನಿಂತ ಮೇಲೆ ಕೋಟೆಯ ಒದ್ದೆ ಮುರಕಲ್ಲಿನ ಮೇಲೆ ಬಿಳಿ ಹೊಳಪೊಂದು ಕುಳಿತಿರುತ್ತದೆ. ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ ಆ ಹೊಳಪು ಕರಗಿ ಕಲ್ಲಿನ ಕೆಂಪು, ಅದರ ತೂತುಗಳಲ್ಲಿ ಬೆಳೆದ ಪಾಚಿಯ ಹಸಿರು ಮೇಲಕ್ಕೆ ಬರುತ್ತವೆ. ತೀರ ಅಗಲದ ಲೆನ್ಸಿನಲ್ಲಿ ಮಾತ್ರ ಎಚ್ಚರ ಬೇಕು. ಸೂರ್ಯನಿಂದ 90 ಡಿಗ್ರಿ ಆಚೆಗಿನ ಆಕಾಶದಲ್ಲಿ ಧ್ರುವೀಕರಣ (ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವುದು) ಅತಿ ಹೆಚ್ಚಾಗಿರುವುದರಿಂದ, 10 ಮಿ.ಮೀ. ಲೆನ್ಸ್ ಹಿಡಿಯುವ 99 ಡಿಗ್ರಿ ನೋಟದಲ್ಲಿ ಆಕಾಶದ ಒಂದು ಪಟ್ಟಿ ಕಪ್ಪಾಗಿ, ಉಳಿದದ್ದು ತೆಳುವಾಗಿ ಕಾಣುತ್ತದೆ.

ನಮ್ಮ ಹವೆಯ ಬಗ್ಗೆಯೂ ಹೇಳಬೇಕು. ನನ್ನ ಮೊದಲ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನೊಳಗೆ ಭದ್ರಪಡಿಸಿದ್ದೆ. ಎರಡು ಮಳೆಗಾಲ ಕಳೆದು ಟಾರ್ಚಿನ ಬೆಳಕು ಹಾಯಿಸಿದಾಗ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂತಹ ಬಿಳಿ ಎಳೆಗಳು ಹಬ್ಬಿದ್ದವು. ಆ ಬೂಷ್ಟು ಗಾಜಿನ ಲೇಪನವನ್ನೇ ಕೆಡಿಸಿತ್ತು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆ ಲೆನ್ಸುಗಳನ್ನು ಇಡುತ್ತೇನೆ. ನೀಲಿ ಹರಳು ತೇವ ಹೀರಿ ಗುಲಾಬಿಯಾದಾಗ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಬಿಸಿ ಮಾಡಿ ಒಣಗಿಸುತ್ತೇನೆ.

ವಿದ್ಯಾರ್ಥಿಗೆ ನಾನು ಕೊನೆಗೆ ಹೇಳಿದ್ದು, ಇರುವ ಕಿಟ್ ಲೆನ್ಸಿನಲ್ಲೇ ಕೆಲವು ತಿಂಗಳು ಓಡಾಡಿ, ಪ್ರತಿ ಚಿತ್ರದೊಂದಿಗೆ ಕ್ಯಾಮೆರಾ ದಾಖಲಿಸಿಡುವ ಸಂಗಮ ದೂರವನ್ನು ನೋಡಿಕೊಂಡು ಬಾ ಎಂದು. ದೀಪಾವಳಿ ಕಳೆದ ಮೇಲೆ ಮನೆಗೆ ಬಂದ. ಪದವಿನ ಚಿತ್ರಗಳು 18ರಲ್ಲಿದ್ದವು, ಮೊಣಕಾಲೂರಿದ ಮೇಲೆ ಅವನಿಗೆ ಅದಕ್ಕಿಂತ ಅಗಲ ಬೇಕೆನಿಸಿರಲಿಲ್ಲ. ಕಡಲಿನವು, ಗುಡ್ಡದವು ಹೆಚ್ಚುಕಡಿಮೆ ಎಲ್ಲವೂ 55ರಲ್ಲಿದ್ದವು. ಅಲ್ಲಿಂದಾಚೆಗೆ ಝೂಮ್ ತಿರುಗದೆ ಅವನು ಕೈಕಟ್ಟಿ ನಿಂತಿದ್ದ. ಈಗ 55–200 ಮಿ.ಮೀ.ನ, ಯಾರೋ ಬಳಸಿದ ಲೆನ್ಸೊಂದನ್ನು ಕಾಸರಗೋಡಿನಲ್ಲಿ ನೋಡಿಟ್ಟಿದ್ದಾನೆ. ಟಾರ್ಚ್ ಹಾಯಿಸಿ ಒಳಗೆ ಎಳೆಗಳಿವೆಯೇ ಎಂದು ನೋಡಬೇಕು. ಗಾಜು ಒಂದೊಂದು ಬಣ್ಣದ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ಚೌಕಟ್ಟಿನ ಮೂಲೆಯಲ್ಲಿ ನೇರಳೆ ಅಂಚು ಮೂಡುತ್ತದೆಯೇ ಎಂದು ತಿಳಿಯಲು, ಬೆಳ್ಳಗಿನ ಆಕಾಶದ ಎದುರು ತೆಂಗಿನ ಗರಿಯೊಂದನ್ನು ತೆಗೆದು ದೊಡ್ಡದು ಮಾಡಿ ನೋಡಬೇಕು. ಬರುವ ಭಾನುವಾರ ನಾವಿಬ್ಬರೂ ಹೋಗುತ್ತಿದ್ದೇವೆ.